ತೀರಿಹೋದ ಚಿನಿವಾರರು

ನಾಣ್ಯ ನೋಡಿ ಕೊಳ್ಳಬೇಕು, ಡಬ್ಬಿ ನೋಡಿಯಲ್ಲ
ಅನ್ನುತ್ತಾರೆ ಫೋರ್ಟ್ ವೇಯ್ನಿನ ವರ್ತಕರೆಲ್ಲ.
ನಾನು ಕೊಳ್ಳುವುದು ಡಬ್ಬಿ.
ಒಳಗಿರುವ ಡಾಲರು, ಪಾಪ,
ಮನೆಯ ಜೊತೆಗೇ ಬಂದ ಬಾಡಿಗೆದಾರ.

ಅಂಗೈಯಗಲ ಪ್ಲಾಸ್ಟಿಕ್ಕು,
ಅಂಚು ಬೆಸೆದದ್ದು, ಹಳದಿಗೆ ತಿರುಗಿದ್ದು,
ನೀಲಿ ಚೀಟಿಯ ಮೇಲೆ ಇಸವಿ, ಅಂಕ, ಒಂದು ಸಂಖ್ಯೆ.
ಟ್ವಿನ್ ಎಲ್ಮ್ಸ್ ನಾಣ್ಯ ಪರೀಕ್ಷಕರು: ಹದಿನಾಲ್ಕು ತಿಂಗಳು ಬಾಳಿದರು.
ಪ್ರೇರಿ ಲ್ಯಾಂಟರ್ನ್: ಒಂದೇ ಚಳಿಗಾಲ.
ಇನ್ನೊಂದಕ್ಕೆ ಹೆಸರೇ ಇಲ್ಲ,
ತಕ್ಕಡಿ ಹಿಡಿದ ಗೂಬೆಯ ಚಿತ್ರವಷ್ಟೇ;
ಅದರ ಗುರುತು ಹಿಡಿಯುವವರು ಈ ದೇಶದಲ್ಲಿ
ನಾನು, ಮತ್ತೆ ಟೊಲೀಡೊದ ಒಬ್ಬ ಪಾದ್ರಿ.
ಅವನು ನನಗೆ ಮಾರುವುದಿಲ್ಲ, ನಾನು ಅವನಿಗೆ ತೋರಿಸುವುದಿಲ್ಲ.

ಹಿಂಬದಿಯಲ್ಲಿ ಆಜೀವ ಗ್ಯಾರಂಟಿ ಎಂದು ಅಚ್ಚು.
ಯಾರ ಜೀವ ಎಂದು ಬರೆದಿಲ್ಲ.
ಕೆಳಗಿನ ನಂಬರಿಗೆ ಒಮ್ಮೆ ಫೋನು ಮಾಡಿದೆ.
ನಾಯಿಗಳಿಗೆ ಕ್ಷೌರ ಮಾಡುವ ಹುಡುಗಿ ಎತ್ತಿದಳು,
ಯಾವ ಜಾತಿ, ಎಷ್ಟು ತೂಕ, ಕಚ್ಚುತ್ತದಾ ಅಂದಳು.
ಮಾರ್ಗನ್ ಡಾಲರು, ಇಪ್ಪತ್ತಾರೂ ಮುಕ್ಕಾಲು ಗ್ರಾಂ,
ಇದುವರೆಗೆ ಯಾರನ್ನೂ ಕಚ್ಚಿಲ್ಲ ಅಂದೆ.

ಮೂವತ್ತೊಂದು ವರ್ಷ ಲಿಫ್ಟಿನ ತಪಾಸಣೆ ನನ್ನ ಕಸುಬು.
ಉಕ್ಕಿನ ಹಗ್ಗ ತಡವಿ, ಬ್ರೇಕು ಒತ್ತಿ,
ಕತ್ತಲ ಗುಂಡಿಗೆ ಟಾರ್ಚು ಬಿಟ್ಟು
ಚೌಕದ ಕಾಗದಕ್ಕೊಂದು ರುಜು: ಆರ್ವಿಲ್ ಸ್ಟೆಂಗರ್.
ಜನ ಅದರ ಕೆಳಗೆ ನಿಂತೇ ಮೇಲೆ ಹೋದರು.
ಯಾರೂ ಓದಲಿಲ್ಲ. ಓದಿದ್ದರೆ
ಮೆಟ್ಟಿಲು ಹಿಡಿಯುತ್ತಿದ್ದರೋ ಏನೋ.
ಆ ಕಟ್ಟಡಗಳಲ್ಲಿ ಅರ್ಧ ಈಗ ಕಾರು ನಿಲ್ಲಿಸುವ ಬಯಲು.

ಮಾರ್ಚಿನ ಶನಿವಾರ, ಅಗ್ನಿಶಾಮಕ ದಳದ ಸಭಾಂಗಣ,
ಸುಟ್ಟ ಕಾಫಿಯ ವಾಸನೆ, ಮಡಚುವ ಮೇಜುಗಳು.
ಮೊಮ್ಮಗನಿಗೆ ಕಾಡುಕೋಣದ ನಿಕ್ಕಲು ಹುಡುಕುತ್ತ ಬಂದ
ಮಾರ್ಲಿಸ್ ಡೆಟ್ಮರ್ ನನ್ನ ಮೇಜಿನ ಮೇಲೆ ಬಗ್ಗಿದಳು.
ನಾಣ್ಯ ನೋಡಲಿಲ್ಲ, ಚೀಟಿ ನೋಡಿದಳು.
ಈ ಏಳು ನನ್ನದು, ಅಂದಳು.
ನಮ್ಮ ಟೈಪ್‌ರೈಟರಿನ ಏಳಕ್ಕೆ ಕಾಲಿರಲಿಲ್ಲ.

ಕಾರ್ಪೆಟ್ಟಿನ ಅಂಗಡಿಯ ಮೇಲೆ ಎರಡು ಕೋಣೆ.
ಒರೆಗಲ್ಲಿಲ್ಲ, ಮೂಸೆಯಿಲ್ಲ:
ಒಂದು ಮೇಜುದೀಪ, ಹ್ಯಾಸ್ಕೆಲ್ ವಾಯ್ಟನ ಒಂದು ಕಣ್ಣು.
ಇನ್ನೊಂದಕ್ಕೆ ಪೊರೆ ಬಂದಿತ್ತು, ಗಿರಾಕಿಗಳಿಗೆ ಗೊತ್ತಿರಲಿಲ್ಲ.
ಊಟಕ್ಕೆ ಮುಂಚೆ ಅರವತ್ತಮೂರು ಕೊಟ್ಟದ್ದಕ್ಕೆ
ಊಟವಾದ ಮೇಲೆ ಅರವತ್ತೈದು.
ಕಳ್ಳನಲ್ಲ, ಅಂದಳು; ಹಸಿವಾಗುತ್ತಿತ್ತು ಅಷ್ಟೇ.

ಸಾಲದವರು ಬೆಸೆಯುವ ಯಂತ್ರ ಕೇಳಿ ಬರುವ ಬೆಳಿಗ್ಗೆ
ಅವನು ಆಗಲೇ ಹೋಗಿಯಾಗಿತ್ತು.
ಟ್ರೇಯಲ್ಲಿ ಒಂದೇ ಒಂದು ಡಾಲರು,
ಮುಂಗಡ ಕೊಟ್ಟಿದ್ದ ಯಾವನೋ ರೈತನದು.
ಕಿಟಕಿಗೆ ಹಿಡಿದು ನಾನೇ ನೋಡಿದೆ.
ಕೆನ್ನೆಯ ಮೇಲೆ ಒಂದು ಗೀರು, ಕೂದಲಲ್ಲಿ ಒಳ್ಳೆ ಹೊಳಪು.
ಅರವತ್ತನಾಲ್ಕು ಅನ್ನಿಸಿತು.
ಟೈಪು ಮಾಡಿದೆ, ಬೆಸೆದೆ, ಅಂಚೆಗೆ ಹಾಕಿದೆ.
ಅಂಚೆಯ ದುಡ್ಡು ನನ್ನದೇ.

ಕಾಲಿಲ್ಲದ ಏಳಿನವು ನನ್ನ ಬಳಿ ಆರು.
ದೀಪದ ಕೆಳಗೆ ಸಾಲಾಗಿ ಇಟ್ಟೆ.
ಇದಲ್ಲ. ಇದೂ ಅಲ್ಲ. ಹುಡುಗ ತೋಳು ಜಗ್ಗುತ್ತಿದ್ದ.
ಐದನೆಯದನ್ನು ಓರೆ ಮಾಡಿ ಸುಮ್ಮನಾದಳು.

ಪಕ್ಕದ ಮೇಜಿನ ಬಾಯ್ಡ್ ಭೂತಗನ್ನಡಿ ಹಿಡಿದು ಇಣುಕಿ,
ಅರವತ್ತೆರಡು, ಅದೂ ದಾಕ್ಷಿಣ್ಯಕ್ಕೆ, ಅಂದ.
ಅವಳು ತಲೆಯಾಡಿಸಿದಳು:
ಇರಬಹುದು, ಅವತ್ತು ಮೋಡವಿತ್ತು.

ಬೆಲೆ ಕೇಳಲಿಲ್ಲ. ಕೇಳಿದ್ದರೆ
ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ.
ನಿಕ್ಕಲಿಗೆ ಎರಡು ಡಾಲರು ಎಣಿಸಿಟ್ಟು
ಹುಡುಗನ ಟೋಪಿ ಸರಿಮಾಡಿ ಹೊರಟಳು.

ರಾತ್ರಿ ಅಡುಗೆಮನೆಯಲ್ಲಿ ಅದನ್ನು ಅಲ್ಲಾಡಿಸಿದೆ.
ಒಳಗೆ ಸಡಿಲ, ಕಟಕಟ ಅನ್ನುತ್ತದೆ,
ಆತುರದ ಬೆಸುಗೆ.
ಹಿಂದೆ ಒಂದು ಚೂರು ಕಾಗದ ಅಂಟಿಸಿ ಬರೆದೆ:
ಪರೀಕ್ಷಕಿ ಮಾರ್ಲಿಸ್ ಡೆಟ್ಮರ್, ಕಿಟಕಿಯ ಬೆಳಕು, ಮೋಡ.
ಹಳೇ ಚಟ, ಕೆಳಗೆ ರುಜು ಹಾಕಿದೆ,
ಮುಂದಿನ ತಪಾಸಣೆಯ ತಾರೀಕು ಖಾಲಿ ಬಿಟ್ಟೆ.

ಟೊಲೀಡೊದ ಪಾದ್ರಿಗೆ ಇನ್ನೂ ಹೇಳಿಲ್ಲ.